ನಾಲ್ಕನೇ ನಂಬರಿನ ಬರಣಿ

ಗಾಳಿ ಹಿಡಿಯಲು ನಮ್ಮ ಕೈಗೆ ಕೊಟ್ಟಿದ್ದು ಆರು ಗಾಜಿನ ಬರಣಿ. ಅಗಲ ಬಾಯಿಯವು, ಉಪ್ಪಿನಕಾಯಿಗೆ ಹೇಳಿ ಮಾಡಿಸಿದಂಥವು. ಹಾಗಾಗಿ ಒಂದನೇ ನಂಬರಿನದು ಇಟ್ಟ ವಾರದಲ್ಲೇ ಕಾಣೆಯಾಯಿತು. ಯಾವ ತಾಯಿ ಒಯ್ದಳೋ, ಆಕೆಯ ಮನೆಯ ಉಪ್ಪಿನಕಾಯಿ ಕೆಡದಿರಲಿ ಎಂದು ಹರಸಿ ಅದರ ಜಾಗದಲ್ಲಿ ಪ್ಲಾಸ್ಟಿಕ್ಕಿನದೊಂದನ್ನು ಇಟ್ಟೆವು. ನಾನು ಹೇಳಬೇಕಾಗಿರುವುದು ನಾಲ್ಕನೇ ನಂಬರಿನದರ ಬಗ್ಗೆ. ಅದನ್ನು ಯಾರೂ ಕದಿಯಲಿಲ್ಲ, ಒಡೆಯಲಿಲ್ಲ. ಅದನ್ನು ಕೆಡಿಸಿದವನು ನಾನು, ಅದೂ ಬಾಯಿಂದ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಲ್ಹಾಪುರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾನು ಸಹಾಯಕನಾಗಿದ್ದೆ. ಸಹಾಯಕ ಎಂದರೆ ಸೀಸೆ ತೊಳೆಯುವವನು, ಉಳಿದ ಹೊತ್ತಿನಲ್ಲಿ ಪ್ರಾಧ್ಯಾಪಕರು ನಡೆಯುವ ಹಾಗೆ ನಡೆದು ತೋರಿಸಿ ಹುಡುಗರನ್ನು ನಗಿಸುವವನು. ಆ ವರ್ಷ ಇಚಲಕರಂಜಿಯ ಒಂದು ಓಣಿಯ ಜನ ಅರ್ಜಿ ಕೊಟ್ಟಿದ್ದರು. ಓಣಿಯ ಮೂಡಣ ತುದಿಗೆ ಒಂದು ಸೈಜಿಂಗ್ ಕಾರ್ಖಾನೆ, ಅಂದರೆ ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಾಕಿ ಉಗಿಯ ಶಾಖದಿಂದ ಒಣಗಿಸುವ ಜಾಗ. ಅದಕ್ಕೊಂದು ಬಾಯ್ಲರು, ಬಾಯ್ಲರಿಗೊಂದು ಗಿಡ್ಡ ಚಿಮಣಿ. ಮಾಲಕರು ಎರಡನೇ ಬಾಯ್ಲರು ಕೂರಿಸಲು ಪರವಾನಗಿ ಕೇಳಿದ್ದರು. ಮೊದಲು ಚಿಮಣಿ ಎತ್ತರಿಸಲಿ, ಆಮೇಲೆ ಬೇಕಾದ್ದು ಕೂರಿಸಲಿ ಎಂಬುದು ಓಣಿಯವರ ಬೇಡಿಕೆ. ವಿಚಾರಣೆಗೆ ಒಂದು ಸಮಿತಿಯಾಯಿತು. ಸಮಿತಿಯವರು ನಮ್ಮ ವಿಭಾಗದ ಸರ್‌ಗೆ, ಚಳಿಗಾಲವಿಡೀ ಗಾಳಿಯಿಂದ ಎಷ್ಟು ಮಸಿ ಇಳಿಯುತ್ತದೆ ತೂಗಿ ಹೇಳಿ ಎಂದರು. ಸರ್ ನನಗೆ ಹೇಳಿದರು. ನನ್ನ ಕೆಳಗೆ ಯಾರೂ ಇರಲಿಲ್ಲ.

ಚಳಿಗಾಲವೇ ಯಾಕೆಂದರೆ ನಮ್ಮ ಕಡೆ ಗಾಳಿಗೂ ಒಂದು ಹಂಗಾಮು ಇದೆ. ಮಳೆಗಾಲದಲ್ಲಿ ಪಡುವಣ ಗಾಳಿ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ದೀಪಾವಳಿ ದಾಟಿದ ಮೇಲೆ ಗಾಳಿ ಮೂಡಣದಿಂದ ಬರತೊಡಗುತ್ತದೆ, ಬಂದರೂ ಸಾಲಕ್ಕೆ ಬಂದವನ ಹಾಗೆ ಮೆಲ್ಲಗೆ. ಮುಂಜಾನೆಯಂತೂ ನಿಂತೇ ಬಿಡುತ್ತದೆ. ಹೊಲಗಳ ಬೆಲ್ಲದ ಗಾಣದ ಹೊಗೆ, ಸುಟ್ಟ ಕಬ್ಬಿನ ರವದಿಯ, ಅಂದರೆ ಒಣ ಸೋಗೆಯ, ಕರಿ, ಊರೊಳಗಿನ ಬಾಯ್ಲರುಗಳ ಮಸಿ, ಇದಾವುದೂ ಮೇಲೇರಲಾರದೆ ಮನೆಗಳ ಮೇಲೆ ಕಂಬಳಿ ಹಾಸಿದಂತೆ ಬಿದ್ದಿರುತ್ತದೆ. ಹೋಳಿಯ ತನಕ ಇದೇ ಪಾಡು.

ತೂಗುವ ಉಪಾಯ ಸರಳ. ಬರಣಿಗೆ ಬಟ್ಟಿ ಇಳಿಸಿದ ನೀರು ಹಾಕಬೇಕು, ಪಾಚಿ ಕಟ್ಟದಂತೆ ಚಿಟಿಕೆ ಮೈಲುತುತ್ತ ಬೆರೆಸಬೇಕು, ಎದೆಯೆತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ ಮಾಳಿಗೆಯ ಮೇಲೆ ಒಂದು ತಿಂಗಳು ಹಗಲೂ ರಾತ್ರಿಯೂ ತೆರೆದಿಡಬೇಕು. ವಾರಕ್ಕೊಮ್ಮೆ ಹೋಗಿ, ಆರಿದಷ್ಟು ನೀರನ್ನು ಮತ್ತೆ ತುಂಬಬೇಕು. ತಿಂಗಳಾದ ಮೇಲೆ ಪ್ರಯೋಗಾಲಯಕ್ಕೆ ತಂದು, ಸೋಸಿ, ಒಣಗಿಸಿ, ತೂಗಬೇಕು. ಹಗಲೂ ರಾತ್ರಿಯೂ ಎಂದು ಈಗ ಬರೆದೆನಲ್ಲ, ಆ ಮಾತನ್ನು ಆಗ ನಾನು ಹೇಳಬೇಕಾದವರಿಗೆ ಹೇಳಿರಲಿಲ್ಲ.

ನಾಲ್ಕನೇ ಬರಣಿಗೆ ಸರ್ ಆರಿಸಿದ್ದು ಚಿಮಣಿಯ ಪಡುವಣಕ್ಕೆ ತೀರ ಹತ್ತಿರವಿದ್ದ ಮನೆ. ಅರ್ಜಿಗೆ ಮೊದಲ ಸಹಿ ಹಾಕಿದವರ ಮನೆಯೂ ಅದೇ. ಜೈನರು, ಮೂಲ ಅಕಿವಾಟದವರು. ಕೆಳಗಿನ ಅಂಕಣದಲ್ಲಿ ನಾಲ್ಕು ಮಗ್ಗ, ಮೇಲೆ ವಾಸ. ಮನೆಯ ಯಜಮಾನರನ್ನು ಹೆತ್ತ ತಾಯಿಯೂ ಸೇರಿ ಇಡೀ ಓಣಿ ಅಣ್ಣಾ ಎನ್ನುತ್ತಿತ್ತು. ವಯಸ್ಸು ನಲವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ಮೂರು ಚಳಿಗಾಲದಿಂದ ಉಸಿರಿನ ತೊಂದರೆ. ಡಾಕ್ಟರು, ಮಗ್ಗ ಬಿಡಿ, ಇಲ್ಲವೇ ಊರು ಬಿಡಿ ಎಂದಿದ್ದರು. ಬಿಟ್ಟರೆ ತಾಯಿ ಮಗನಿಗೆ ಹೊಟ್ಟೆಪಾಡು ಬೇರೆ ಇರಲಿಲ್ಲ. ಎರಡನೇ ಬಾಯ್ಲರು ಇದೇ ಗಿಡ್ಡ ಚಿಮಣಿಗೆ ಬಂದು ಕೂಡಿದರೆ ಮುಂದಿನ ಚಳಿಗಾಲ ಈ ಮನೆಯಲ್ಲಿ ಕಳೆಯಲಾಗದು ಎಂಬುದು ಅವರಿಗೆ ಗೊತ್ತಿತ್ತು.

ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ನಾನು ಕನ್ನಡ ಮಾತಾಡಿದ್ದೇ ತಡ, ಅವರ ಮುಖ ಅರಳಿತು.

“ಯಾ ಊರ ತಮ್ಮಾ?”

“ನೂಲ ರೀ ಆಯಿ. ಗಡಹಿಂಗ್ಲಜದ ಬಾಜೂಕ.”

“ಅಯ್ಯ, ನನ್ನ ಮಗಳನ್ನ ಗಡಹಿಂಗ್ಲಜಕ್ಕ ಕೊಟ್ಟೇವಿ! ಬಾ ಕುಂಡ್ರ, ಅವಲಕ್ಕಿ ತಿನ್ನಂತಿ.”

ಅವಲಕ್ಕಿ ತಿಂದೆ. ತಿಂದ ಹುಮ್ಮಸ್ಸಿನಲ್ಲಿ ಮಾಳಿಗೆಯ ಮೇಲೆ ನೆರೆದಿದ್ದ ನಾಲ್ಕು ಮನೆಯವರ ಎದುರು ನಮ್ಮ ಸರ್ ಆದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಎಡಗೈ ಬೆನ್ನ ಹಿಂದೆ ಕಟ್ಟಿ, ಅವರ ಗಂಟಲಿನ ಮರಾಠಿಯಲ್ಲಿ, “ಹಾತ ಲಾವೂ ನಕಾ! ಇದು ನೀರಲ್ಲ, ಶಾಸ್ತ್ರ!” ಎಂದೆ. ಜನ ಬಿದ್ದು ಬಿದ್ದು ನಕ್ಕರು. ಕೈ ಹಚ್ಚಬೇಡಿ ಎನ್ನುವುದೊಂದೇ ಅವರಿಗೆ ನಾನು ಕೊಟ್ಟ ಸೂಚನೆ. ಆಯಿ ಮಾತ್ರ ಬರಣಿಯೊಳಗೆ ಇಣುಕಿ, “ಬಾಯಿ ತೆರದೈತೆಲ್ಲೋ, ಹುಳಾ ಬೀಳ್ತಾವ ತಮ್ಮಾ. ಬಿದ್ರ?” ಎಂದು ಕೇಳಿದರು.

ನಾನು ಸರ್ ದನಿಯಲ್ಲೇ ಇದ್ದೆ. ಆ ದನಿಯಿಂದ ಇಳಿಯಲು ಮನಸ್ಸಾಗಲಿಲ್ಲ. “ಹುಳಾ ಬಿದ್ರ ಪಾಪ ಮನೀಯವರಿಗೆ! ಧೂಳ ಬಿದ್ರ ಪುಣ್ಯ ಸರ್ಕಾರಕ್ಕ!” ಎಂದೆ. ಮತ್ತೆ ನಗು. ಆಯಿಯೂ ನಕ್ಕರು ಎಂದೇ ನನಗೆ ನೆನಪು.

ಅಣ್ಣಾ ನಗುತ್ತ ನಗುತ್ತ ಕೆಮ್ಮಿದರು. ನನ್ನ ಕೆಟ್ಟ ಚಾಳಿ ನೋಡಿ, ನಾನು ಆ ಕೆಮ್ಮನ್ನೂ ಮಾಡಿ ತೋರಿಸಿದೆ. ಎರಡು ಚಿಕ್ಕವು, ಒಂದು ಉದ್ದ, ಕೊನೆಗೆ ಸೀಟಿಯಂಥ ಎಳೆತ. ಓಣಿಯವರು ಉಸಿರು ಬಿಗಿಹಿಡಿದರು. ಅಣ್ಣಾ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಮಾಡೋ ಮಾಸ್ತರ. ನನ್ನಕಿಂತಾ ಚಲೋ ಮಾಡ್ತೀ” ಎಂದರು. ಆವತ್ತಿನಿಂದ ನಾನು ಅವರಿಗೆ ಮಾಸ್ತರ.

ಮೊದಲ ತಿಂಗಳ ಬರಣಿಗಳನ್ನು ಎರಡೆರಡಾಗಿ ಎಸ್‌ಟಿ ಬಸ್ಸಿನಲ್ಲಿ ತಂದೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ತಬ್ಬಿಕೊಂಡು. ಹಾತಕಣಂಗಲೆಯಲ್ಲಿ ಹತ್ತಿದ ಮುದುಕಿಯೊಬ್ಬಳು ನೋಡಿ, ಯಾರೋ ತೀರಿಕೊಂಡವರ ಅಸ್ಥಿ ಎಂದುಕೊಂಡು, ಪಕ್ಕದವನನ್ನು ಗದರಿಸಿ ನನಗೆ ಕಾಲು ಚಾಚಲು ಜಾಗ ಮಾಡಿಸಿದಳು. ನಾನು ಅಲ್ಲ ಎನ್ನಲಿಲ್ಲ. ಕೊಲ್ಹಾಪುರದ ತನಕ ಮುಖ ಜೋತುಹಾಕಿಕೊಂಡು ಕೂತೆ. ಪ್ರಯೋಗಾಲಯದಲ್ಲಿ ಇದನ್ನೂ ಅಭಿನಯಿಸಿ ತೋರಿಸಿದೆ. ಆಗ ಎಲ್ಲವೂ ನನಗೆ ಆಟದ ಸಾಮಾನು.

ತೂಕ ಮಾತ್ರ ಆಟವಲ್ಲ. ಸೋಸುವ ಕಾಗದವನ್ನು ಮೊದಲೇ ಒಣಗಿಸಿ ತೂಗಿಟ್ಟಿರಬೇಕು. ಸೋಸಿದ ಮೇಲೆ ಓವನ್ನಿನಲ್ಲಿಟ್ಟು, ತೇವ ಹೀರುವ ಪಾತ್ರೆಯಲ್ಲಿ ತಣಿಸಿ, ಗಾಜಿನ ಗೂಡಿನ ತಕ್ಕಡಿಯಲ್ಲಿ ಚಿಮಟದಿಂದ ತೂಕದ ಬಟ್ಟು ಇಟ್ಟು, ಉಸಿರು ಬಿಗಿಹಿಡಿದು ಮುಳ್ಳು ನೋಡಬೇಕು. ಮತ್ತೆ ಒಣಗಿಸಬೇಕು, ಮತ್ತೆ ತೂಗಬೇಕು. ಎರಡು ಸಲ ಒಂದೇ ಬಂದರೆ ಮಾತ್ರ ರಿಜಿಸ್ಟರಿಗೆ. ನಾಲ್ಕನೆಯದನ್ನು ನಾನು ಐದು ಸಲ ತೂಗಿದೆ. ಐದು ಸಲವೂ ಅದೇ. ಚಿಮಣಿಯ ಬುಡದಲ್ಲಿದ್ದ ಬರಣಿಯಲ್ಲಿ, ಊರಾಚೆ ಹೊಲದ ಅಂಚಿಗಿಟ್ಟ ಬರಣಿಗಿಂತಲೂ ಕಡಿಮೆ ಮಸಿ.

ಸರ್ ಕನ್ನಡಕದ ಮೇಲಿನಿಂದ ನೋಡಿದರು. “ಚೆಲ್ಲಿದಿಯಾ?”

“ಇಲ್ಲ ಸರ್.”

“ಚೆಲ್ಲಿ, ನಲ್ಲಿಯ ನೀರು ತುಂಬಿದಿಯಾ?”

“ಸರ್, ನಾನು ಸುಳ್ಳು ದನಿ ಮಾಡುತ್ತೇನೆ, ಸುಳ್ಳು ನೀರು ಹಾಕುವುದಿಲ್ಲ.”

ಅವರು ನಗಲಿಲ್ಲ. ಗಾಳಿಯ ಸುಳಿ ಇರಬಹುದು, ಚಿಮಣಿಯ ಹೊಗೆ ಆ ಮನೆಯನ್ನು ಹಾರಿ ಆಚೆ ಬೀಳುತ್ತಿರಬಹುದು, ಇನ್ನೊಂದು ತಿಂಗಳು ನೋಡೋಣ ಎಂದರು. ಎರಡನೇ ತಿಂಗಳೂ ಹಾಗೇ ಬಂತು. ಆ ಹೊತ್ತಿಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತ್ತು. ಬೇರೆ ಬರಣಿಗಳಿಗೆ ವಾರವಾರ ತುಂಬುವಷ್ಟು ನೀರು ನಾಲ್ಕನೆಯದಕ್ಕೆ ಬೇಕಾಗುತ್ತಿರಲಿಲ್ಲ. ನೀರು ಕಡಿಮೆ ಆರುತ್ತಿತ್ತು. ಯಾಕೆ ಎಂದು ಕೇಳಿಕೊಳ್ಳಬೇಕಿತ್ತು. ನಾನು, ಆಯಿಯ ಮನೆಯ ನೀರಿಗೂ ಅವಲಕ್ಕಿ ಸಿಕ್ಕು ಸೋಮಾರಿತನ ಬಂದಿದೆ ಎಂದು ಚಟಾಕಿ ಹಾರಿಸಿ ಸುಮ್ಮನಾದೆ. ಭಾನುವಾರಗಳಂದು ನಡು ಮಧ್ಯಾಹ್ನ ಹೋಗುತ್ತಿದ್ದೆ. ಮಧ್ಯಾಹ್ನ ಬರಣಿ ಬಾಯಿ ತೆರೆದುಕೊಂಡು ಸರಿಯಾಗಿಯೇ ಇರುತ್ತಿತ್ತು.

ಸಮಿತಿಗೆ ಎರಡು ತಿಂಗಳ ತೂಕದ ಪಟ್ಟಿ ಹೋಯಿತು. ಸೈಜಿಂಗ್ ಮಾಲಕರು ರಸ್ತೆಯಲ್ಲೇ ನನ್ನನ್ನು ತಡೆದು ಬೆನ್ನು ಚಪ್ಪರಿಸಿದರು. ಕೆಟ್ಟ ಮನುಷ್ಯರೇನೂ ಅಲ್ಲ, ಹಬ್ಬಕ್ಕೆ ಓಣಿಯ ಮಕ್ಕಳಿಗೆ ಪೇಡೆ ಹಂಚುವವರು. “ನೋಡ್ರಿ ಸಾಹೇಬ, ನಾ ಹೇಳಿರ್ಲಿಲ್ಲೇನ? ನನ್ನ ಚಿಮಣಿ ಬುಡಕ ಗಾಳಿ ಎಲ್ಲಾರಕಿಂತಾ ಸ್ವಚ್ಛ ಐತಿ. ಮಂದಿ ತಮ್ಮ ಮಗ್ಗದ ಧೂಳ ತಾವ ಕುಡದು ನನ್ನ ಹೆಸರ ಹೇಳ್ತಾರ.” ಸಾಹೇಬ ಎಂದು ನನ್ನನ್ನು ಯಾರೂ ಅದುವರೆಗೆ ಕರೆದಿರಲಿಲ್ಲ. ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಅಣ್ಣಾ ಆ ಪಟ್ಟಿಯನ್ನು ಓದಿ, ಮಡಚಿ ಮರಳಿ ಕೊಟ್ಟರು. ಜನವರಿಯ ಒಂದು ಭಾನುವಾರ ಅವರು ಮಗ್ಗದ ಪಕ್ಕ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದರು. ವಾತಾವರಣ ಹಗುರ ಮಾಡೋಣವೆಂದು ನಾನು ಅವರ ಕೆಮ್ಮು ತೆಗೆದೆ, ಎರಡು ಚಿಕ್ಕವು, ಒಂದು ಉದ್ದ. ಅಣ್ಣಾ ತಲೆಯಲ್ಲಾಡಿಸಿದರು.

“ಅದು ದೀಪಾವಳಿ ಮುಂದಿಂದೋ ಮಾಸ್ತರ. ಈಗ ಹಂಗಿಲ್ಲ. ಈಗ ತೆಳಗಿಂದ ಬರತೈತಿ. ಸುಧಾರಿಸಿಕೋ.”

ಹೇಳಿ, ಹೇಗೆ ಬರುತ್ತದೆಂದು ತೋರಿಸುವ ಹಾಗೆ ಕೆಮ್ಮಿದರು. ತೋರಿಸಲಿಕ್ಕೆಂದು ಶುರುವಾದದ್ದು ನಿಲ್ಲಲಿಲ್ಲ. ಆಯಿ ಬೆನ್ನು ತಿಕ್ಕಿದರು. ಆಮೇಲೆ ನಾನು ಯಾರ ಕೆಮ್ಮನ್ನೂ ಮಾಡಿದ್ದಿಲ್ಲ.

ಮೂರನೇ ತಿಂಗಳ ಬರಣಿ ತೆಗೆಯುವ ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇಚಲಕರಂಜಿ ಸೇರುವಾಗ ಹೊತ್ತು ಇಳಿಯುತ್ತಿತ್ತು. ಕೆಳಗೆ ಮಗ್ಗಗಳು ಬಡಿದುಕೊಳ್ಳುತ್ತಿದ್ದುದರಿಂದ ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನೇರ ಮಾಳಿಗೆ ಹತ್ತಿದೆ. ಆಯಿ ಅಲ್ಲಿದ್ದರು. ಸಂಜೆಯ ಊಟ ಮುಗಿಸಿ ಬಂದಿದ್ದರು, ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲವಲ್ಲ. ಕೈಯಲ್ಲಿ ಎರಡು ಮಡಿಕೆ ಮಾಡಿದ ಬಿಳಿ ಬಟ್ಟೆ, ಮನೆಯಲ್ಲಿ ಕುಡಿಯುವ ನೀರು ಸೋಸುತ್ತಾರಲ್ಲ, ಅಂಥದು. ಬಾಯಲ್ಲಿ ಏನನ್ನೋ ಮೆಲ್ಲಗೆ ಪಠಿಸುತ್ತ ಅದನ್ನು ಬರಣಿಯ ಬಾಯಿಗೆ ಹೊದಿಸಿ, ನೂಲಿನಿಂದ ಸುತ್ತ ಮೂರು ಸುತ್ತು ಬಿಗಿದು, ಗಂಟು ಹಾಕಿದರು. ಬರಣಿಯ ಮೈಗೆ ಎಲ್ಲಿಯೂ ಕೈ ತಾಗಲಿಲ್ಲ. ಕೈ ಹಚ್ಚಬೇಡಿ ಎಂದಿದ್ದೆನಲ್ಲ.

“ಆಯಿ, ಇದೇನ್ರಿ?”

“ಅಯ್ಯ, ನೀ ಯಾವಾಗ ಬಂದೆಪಾ? ಏನಿಲ್ಲೋ, ಮುಚ್ಚಾಕತ್ತೇನಿ.”

“ದಿನಾ ಮುಚ್ತೀರೇನ್ರಿ?”

“ಒಂದ ದಿನಾನೂ ತಪ್ಪಿಸಿಲ್ಲ. ಹೊತ್ತ ಮುಳಗೂದರಾಗ ಕಟ್ತೇನಿ, ಮುಂಜಾನೆ ಪೂಜಾ ಆದಮ್ಯಾಲ ಬಿಚ್ತೇನಿ. ಕತ್ತಲಾಗ ಪಾಪ ಅವಕ ಕಾಣಸ್ತೈತೇನ? ಬಂದು ಬೀಳ್ತಾವ. ನೀನ ಅಂದ್ಯಲ್ಲೋ, ಹುಳಾ ಬಿದ್ರ ಪಾಪ ಮನೀಯವರಿಗೆ ಅಂತ. ಅಣ್ಣಾಗ ಮೊದಲ ಆರಾಮಿಲ್ಲ. ಅದರ ಮ್ಯಾಲ ಇದೊಂದ ಪಾಪ ಯಾಕ?”

ಬಾಯ್ಲರಿಗೆ ಬೆಂಕಿ ಹಾಕುವುದು ಬೆಳಗಿನ ಜಾವಕ್ಕೆ. ಮಸಿ ಇಳಿಯುವುದು ಬಿಸಿಲೇರುವ ತನಕ. ಅಷ್ಟೂ ಹೊತ್ತು ಮೂರು ತಿಂಗಳು ನಮ್ಮ ಬರಣಿಯ ಬಾಯಿ ಕಟ್ಟಿತ್ತು.

“ಅರಿವಿ ಎಷ್ಟ ಕರ್ರಗಾಗತೈತಿ ಅಂತಿ,” ಆಯಿ ಹೆಮ್ಮೆಯಿಂದ ಹೇಳಿದರು, “ದಿನಾ ಸಬಕಾರ ಹಚ್ಚಿ ಒಗೀತೇನಿ. ಸರ್ಕಾರದ ಬರಣಿಗೆ ಹೊಲಸ ಅರಿವಿ ಕಟ್ಟಬಾರದಲ್ಲ.”

ತೂಗಬೇಕಾಗಿದ್ದದ್ದೆಲ್ಲ ಆ ಮನೆಯ ಬಚ್ಚಲಿನಿಂದ ಹರಿದುಹೋಗಿತ್ತು. ಅವರಿಗೆ, ಚಲೋ ಮಾಡೀರಿ ಎಂದೆ. ಕೆಳಗಿಳಿದು ಬಂದು ಅಣ್ಣಾನ ಎದುರು ಕೂತು, ಮಗ್ಗದ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಎಲ್ಲ ಹೇಳಿದೆ. ಅವರು ಮಗ್ಗ ನಿಲ್ಲಿಸಿದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ.

“ಆಯಿಗೆ ಹೇಳಿದೇನ?”

“ಇಲ್ರಿ.”

“ಹೇಳಬ್ಯಾಡ. ಆದದ್ದ ಮೂರ ತಿಂಗಳ ಮಾತ ಆಕೀ ಕಿವಿಗೆ ಹೋಗಬಾರದು. ಇನ್ನ ಮುಂದಿಂದಷ್ಟ ಕೇಳ್ಕೋ. ಅದೂ ನೀನ ಕೇಳ. ನನ್ನ ಕಡಿಂದ ಆಗಂಗಿಲ್ಲ.” ನಿಂತ ಮಗ್ಗದ ನೂಲನ್ನು ಸವರುತ್ತ ಅಂದರು, “ನನ್ನ ಉಸರಿನ ಸಲವಾಗಿ ಹುಳಾ ಕೊಲ್ಲು ಅಂತ ತಾಯೀಗಿ ಹ್ಯಾಂಗ ಹೇಳಲಿ?”

ಆ ರಾತ್ರಿಯ ಬಸ್ಸಿನಲ್ಲಿ ಬರಣಿ ತಬ್ಬಿಕೊಂಡು ಕೂತಾಗ ನನ್ನ ತಲೆಗೆ ಬಂದದ್ದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕೊಲ್ಹಾಪುರದ ಫೌಂಡ್ರಿಗಳ ಹಿತ್ತಿಲಲ್ಲಿ ಮಸಿ ಬುಟ್ಟಿಗಟ್ಟಲೆ ಬಿದ್ದಿರುತ್ತದೆ. ಒಂದು ಚಿಟಿಕೆ ಈ ಬರಣಿಗೆ ಉದುರಿಸಿದರೆ ಮೂರನೇ ತಿಂಗಳು ಸರಿಹೋಗುತ್ತದೆ. ದನಿಯನ್ನು ಅಣಕಿಸುವವನಿಗೆ ತೂಕವನ್ನು ಅಣಕಿಸುವುದು ಎಷ್ಟರ ಕೆಲಸ? ಸುಳ್ಳೂ ಅಲ್ಲ, ಇಳಿದಿದ್ದ ಮಸಿಯನ್ನೇ ವಾಪಸು ಹಾಕಿದಂತೆ. ಮರುದಿನ ಒಂದು ಪೊಟ್ಟಣದಲ್ಲಿ ಮಸಿ ತಂದೂ ಇಟ್ಟೆ. ಮೇಜಿನ ಮೇಲೆ ಬರಣಿ, ಪಕ್ಕಕ್ಕೆ ಪೊಟ್ಟಣ. ಎಷ್ಟು ಹಾಕಬೇಕು ಎಂದು ಯೋಚಿಸಿದಾಗ ಕೈ ನಿಂತಿತು. ಅಣ್ಣಾನ ಮಾಳಿಗೆಯ ಮೇಲೆ ಎಷ್ಟು ಇಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ನನಗಷ್ಟೇ ಅಲ್ಲ, ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹಾಕುವುದು ಅಣ್ಣಾ ಉಸಿರಾಡಿದ ಮಸಿಯಲ್ಲ, ನನ್ನ ಕಲ್ಪನೆಯ ಮಸಿ. ನಾಳೆ ಮಾಲಕರ ಕಡೆಯ ವಕೀಲರು ಒಂದು ಪ್ರಶ್ನೆ ಕೇಳಿದರೆ ಅರ್ಜಿಯೇ ಖೋಟಾ ಎಂದಾಗುತ್ತದೆ, ಮೊದಲ ಸಹಿ ಅಣ್ಣಾನದು.

ಪೊಟ್ಟಣವನ್ನು ಮೋರಿಗೆ ಸುರಿದು ಸರ್ ಕೋಣೆಗೆ ಹೋದೆ. ಹೇಳುವಾಗ ಎಲ್ಲವನ್ನೂ ಹೇಳಿದೆ, ಅವರ ದನಿ ತೆಗೆದದ್ದನ್ನೂ.

“ಯಾವ ದನಿಯಲ್ಲಿ ಹೇಳಿದೆ?” ಸರ್ ಕೇಳಿದರು.

“ನಿಮ್ಮ ದನಿಯಲ್ಲಿ ಸರ್.”

“ಮಾಡಿ ತೋರಿಸು.”

ತೋರಿಸಿದೆ. ಅಂಥ ಅಭಿನಯವನ್ನು ನಾನು ಮತ್ತೆ ಮಾಡಿಲ್ಲ, ಮಾಡಲಾರೆ. ಸರ್ ಕೊನೆಯವರೆಗೂ ಕೇಳಿ, ರಿಜಿಸ್ಟರು ತೆರೆದು, ನಾಲ್ಕನೇ ಬರಣಿಯ ಮೂರು ತಿಂಗಳ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಸೂಚನೆ ಸರಿಯಾಗಿ ಕೊಡದ ಕಾರಣ ಬರಣಿ ಮುಚ್ಚಲ್ಪಟ್ಟಿತ್ತು, ಅಸಿಂಧು, ಎಂದು ಬರೆದು ಸಹಿ ಮಾಡಿದರು. ಮನೆಯವರ ತಪ್ಪು ಎಂದು ಬರೆಯಲಿಲ್ಲ. ನನ್ನ ಹೆಸರನ್ನೂ ಬರೆಯಲಿಲ್ಲ. “ನಾಳೆಯೇ ಹೋಗಿ ಹೊಸ ನೀರು ಇಡು. ಹೋಳಿಗೆ ಇನ್ನೊಂದು ತಿಂಗಳಿದೆ.”

ಮರುದಿನ ಆಯಿಯ ಎದುರು ಕೂತೆ. ಈ ಸಲ ನನ್ನ ದನಿಯಲ್ಲೇ ಮಾತಾಡಬೇಕಾಗಿತ್ತು. ನನ್ನ ದನಿ ಎಷ್ಟು ತೆಳ್ಳಗಿದೆ ಎಂದು ಆವತ್ತೇ ನನಗೆ ಗೊತ್ತಾದದ್ದು.

“ಆಯಿ, ಈ ತಿಂಗಳ ಬರಣಿ ರಾತ್ರಿನೂ ತೆರದ ಇಡಬೇಕ್ರಿ.”

“ಹುಳಾ?”

“ಬೀಳ್ತಾವ್ರಿ.”

“ಬಿದ್ರ ಸಾಯ್ತಾವ?”

“ಹೌದ್ರಿ. ಅದರಾಗ ಮೈಲುತುತ್ತ ಐತ್ರಿ.”

ಆಯಿ ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಕೂತರು.

“ತೆರದಿಟ್ರ ಅಣ್ಣಾಗ ಆರಾಮ ಆಗತೈತಿ?”

“ಅದು ನನಗ ಗೊತ್ತಿಲ್ರಿ ಆಯಿ. ಆಗತೈತಿ ಅಂತ ಹೇಳಿದ್ರ ಸುಳ್ಳ ಆದೀತು. ಆದ್ರ ಮುಚ್ಚಿದ್ರ, ಹೊಗಿ ಐತಿ ಅಂತ ನಾವು ಯಾರಿಗೂ ತೋರಸಾಕ ಬರಂಗಿಲ್ಲ.”

“ಹೊಗಿ ಎಲ್ಲಾರ ಕಣ್ಣಿಗೂ ಕಾಣತೈತೆಲ್ಲೋ ತಮ್ಮಾ.”

“ಕಾಗದದ ಮ್ಯಾಲ ಕಾಣಬೇಕ್ರಿ.”

ಅವರು ಎದ್ದು ಹೋಗಿ ಗೂಟದಲ್ಲಿ ನೇತುಹಾಕಿದ್ದ ಬಿಳಿ ಬಟ್ಟೆಯನ್ನು ತೆಗೆದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟರು. ಅದೇ ಒಪ್ಪಿಗೆ. ಆ ತಿಂಗಳು ಭಾನುವಾರಕ್ಕೆ ಹೋದಾಗ ಅಣ್ಣಾ ಹೇಳಿದರು, “ಆಯಿ ಉಪ್ಪ ಬಿಟ್ಟಾಳ, ಬೆಲ್ಲ ಬಿಟ್ಟಾಳ, ತುಪ್ಪ ಬಿಟ್ಟಾಳ. ಬರಣಿ ತೆರದಿರೂ ತನಕ ವ್ರತ ಅಂತ. ಈಗ ಸಾರಿಗೆ ಉಪ್ಪ ಎಷ್ಟ ಹಾಕೂದು ಗೊತ್ತಾಗವಲ್ದು ಆಕೀಗಿ. ಒಂದಿನ ಸಮುದ್ರ, ಒಂದಿನ ಸಪ್ಪ. ನಾ ಸುಮ್ನ ಉಣ್ತೇನಿ.” ನಗಲು ಹೋದರು. ನಗುವಷ್ಟು ಉಸಿರು ಇರಲಿಲ್ಲ.

ನಾಲ್ಕನೇ ತಿಂಗಳು ಬರಣಿಯ ನೀರು ಉಳಿದ ಐದರ ಹಾಗೆಯೇ ಆರಿತು. ಬಿಸಿಲಿಗೆ ಹಿಡಿದರೆ ತಳ ಕಾಣದಷ್ಟು ಕಪ್ಪಾಗಿತ್ತು. ಸೋಸುವಾಗ ಕಾಗದ ಕಟ್ಟಿಕೊಂಡು ಎರಡು ಸಲ ಬದಲಿಸಬೇಕಾಯಿತು. ಆರು ಬರಣಿಗಳಲ್ಲಿ ಅದೇ ಎಲ್ಲಕ್ಕಿಂತ ಭಾರ. ಸರ್ ತಾವೇ ಮೂರು ಸಲ ತೂಗಿ, ನನ್ನ ಕಡೆ ನೋಡಿ, ತಲೆಯಾಡಿಸಿದರು.

ಹೋಳಿ ಕಳೆದು ಒಂದು ವಾರಕ್ಕೆ ಸಮಿತಿ ಕೂತಿತು. ಅಷ್ಟರಲ್ಲಿ ಪಡುವಣ ಗಾಳಿ ಶುರುವಾಗಿತ್ತು. ಕಿಟಕಿಗಳು ತೆರೆದಿದ್ದವು, ಮೇಜಿನ ಮೇಲಿನ ಕಾಗದ ಹಾರದಂತೆ ಪೇಪರ್‌ವೇಟ್ ಇಟ್ಟಿದ್ದರು. ಅಂಥ ಕೋಣೆಯಲ್ಲಿ ಕೂತು ಹೊಗೆಯ ಬಗ್ಗೆ ಓದುವುದೇ ಒಂದು ಹಾಸ್ಯವಾಗಿತ್ತು. ಸರ್ ಎಲ್ಲ ವಿವರಿಸಿದರು. ಸಮಿತಿಯವರು ಮರ್ಯಾದೆಯಿಂದ ಕೇಳಿ, ಒಂದು ಹಂಗಾಮಿನ ಲೆಕ್ಕ ಎಂದರೆ ನಾಲ್ಕೂ ತಿಂಗಳು ಬೇಕು, ನಾಲ್ಕನೇ ಬರಣಿಯದು ಒಂದೇ ತಿಂಗಳು ಸಿಂಧು, ಉಳಿದ ಐದರಲ್ಲಿ ವಿಶೇಷವೇನೂ ಇಲ್ಲ, ಮುಂದಿನ ಚಳಿಗಾಲ ಮತ್ತೊಮ್ಮೆ ತೂಗೋಣ, ಅಲ್ಲಿಯವರೆಗೆ ಎರಡನೇ ಬಾಯ್ಲರಿಗೆ ಅಡ್ಡಿ ಮಾಡಲು ಕಾರಣ ಕಾಣುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಬಹುಶಃ ಹಾಗೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಅಣ್ಣಾ ಕೈಗಳನ್ನು ಮೊಣಕಾಲಿಗೆ ಊರಿ ಕೂತಿದ್ದರು. ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, “ನಡಿ ಮಾಸ್ತರ, ಚಾ ಕುಡಿಯೂಣು” ಎಂದರು. ಕುಡಿದೆವು. ಅವರ ಕೈ ನನ್ನ ಹೆಗಲ ಮೇಲಿದ್ದದ್ದು ಪ್ರೀತಿಗೋ ಆಸರೆಗೋ ನನಗೆ ಗೊತ್ತಾಗಲಿಲ್ಲ.

ಮಳೆಗಾಲ ಮುಗಿಯುವ ಮೊದಲು ಅಣ್ಣಾ ನಾಲ್ಕೂ ಮಗ್ಗ ಮಾರಿ, ಆಯಿಯನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ತಂಗಿಯ ಮನೆಗೆ ಹೋದರು. ಅಲ್ಲಿಯ ಗಾಳಿ ಒಳ್ಳೆಯದು. ಆದರೆ ಮೂರು ನಾಲ್ಕು ಚಳಿಗಾಲ ಒಳಗೆ ಇಳಿದದ್ದು ಗಾಳಿ ಬದಲಿಸಿದರೆ ಹೊರಗೆ ಬರುವುದಿಲ್ಲವಂತೆ. ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಬಂತು. ಆ ಚಳಿಗಾಲ ನಾವು ಮತ್ತೆ ಬರಣಿ ಇಟ್ಟಿದ್ದೆವು. ನಾಲ್ಕನೆಯದನ್ನು ಇಡಲು ಹೋದಾಗ ಆ ಮನೆಗೆ ಬೀಗ ಹಾಕಿತ್ತು, ಪಕ್ಕದ ಮನೆಯ ಮಾಳಿಗೆಯ ಮೇಲಿಟ್ಟೆವು.

ನಮ್ಮೂರು ನೂಲಕ್ಕೆ ಹೋಗುವ ದಾರಿಯಲ್ಲಿ ಗಡಹಿಂಗ್ಲಜದಲ್ಲಿ ಇಳಿದು ಆಯಿಯನ್ನು ನೋಡಲು ಹೋದೆ. ಅಣ್ಣಾನ ತಂಗಿ ಬಾಗಿಲು ತೆರೆದರು. ಆಯಿ ಅಂಗಳದ ಬಿಸಿಲಿನಲ್ಲಿ ಕೂತಿದ್ದರು. ಅಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಊಟ ಆಯಿತೇ, ಅವ್ವ ಹೇಗಿದ್ದಾಳೆ ಎಂದೆಲ್ಲ ಕೇಳಿದರು. ಆಮೇಲೆ ಒಳಗೆ ಹೋಗಿ ಕುಂಕುಮದ ಬರಣಿಯಷ್ಟು ಸಣ್ಣದೊಂದು ಹಿತ್ತಾಳೆ ಡಬ್ಬಿ ತಂದು ಮುಚ್ಚಳ ತೆಗೆದರು. ಒಳಗೆ ಅಕ್ಕಿ ಕಾಳು.

“ಆ ತಿಂಗಳ ದಿನಾ ಮುಂಜಾನೆ ಮಾಳಿಗಿ ಹತ್ತಿ ನೋಡ್ತಿದ್ದೆ ತಮ್ಮಾ. ಬರಣಿಯಾಗ ಹೊಸಾದ ಒಂದ ಹುಳಾ ಕಂಡ್ರ ಒಂದ ಕಾಳ ಹಾಕ್ತಿದ್ದೆ. ನಲವತ್ತೊಂದು ಆದೂವು. ಒಂದಕ್ಕ ನೂರಾ ಎಂಟ ಜಪಾ ಮಾಡಾಕತ್ತೇನಿ. ಅಣ್ಣಾನ ಸಲವಾಗಿ ಸತ್ತಾವು, ಅವನ ತಲೀ ಮ್ಯಾಲ ಇರಬಾರದು. ನೀವೂ ಎಣಸಿರ್ತೀರೇನೋ? ನಿಮ್ಮ ಬುಕ್ಕಿನ್ಯಾಗ ಎಷ್ಟ ಬಂದೂವು?”

ಎಣಿಸಿದ್ದೆವು. ತೂಗುವ ಮೊದಲು ನೀರನ್ನು ಒಂದು ಜರಡಿಯಿಂದ ಹಾಯಿಸುವುದು ಕ್ರಮ. ಎಲೆ, ಹುಳ, ಹಕ್ಕಿಯ ಪುಕ್ಕ ಜರಡಿಯಲ್ಲಿ ನಿಲ್ಲುತ್ತವೆ. ಅವನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆದು ಎಸೆಯಬೇಕು. ಬರೆದದ್ದು ನನ್ನ ಕೈಯೇ, ಆದ್ದರಿಂದ ನೆನಪಿತ್ತು.

“ಮೂವತ್ತನಾಲ್ಕು ರೀ ಆಯಿ.”

ಆಯಿ ನನ್ನ ಮುಖ ನೋಡಿದರು. ಬೆರಳು ಮಡಚಿ ಲೆಕ್ಕ ಹಾಕಿದರು.

“ಹಂಗಾರ ಏಳು ಹಾರಿ ಹೋಗ್ಯಾವು?”

ಜರಡಿಯ ಕಣ್ಣು ದೊಡ್ಡದು. ನುಸಿಯಂಥ ಸಣ್ಣವು ಅದರಲ್ಲಿ ನಿಲ್ಲುವುದಿಲ್ಲ, ಕೆಳಗೆ ಇಳಿದು ಸೋಸುವ ಕಾಗದಕ್ಕೆ ಬರುತ್ತವೆ. ಆ ಕಪ್ಪು ಕಾಗದದ ಮೇಲೆ ಭೂತಗಾಜು ಹಿಡಿದಾಗ ಮಸಿಯಲ್ಲಿ ಅಂಟಿಕೊಂಡ ತೆಳುವಾದ ರೆಕ್ಕೆಗಳನ್ನು ನಾನು ಕಂಡಿದ್ದೆ. ತೆಗೆಯುವ ಕ್ರಮವಿರಲಿಲ್ಲ. ಮಸಿಯ ಜೊತೆಗೇ ಒಣಗಿಸಿ, ಮಸಿಯ ಜೊತೆಗೇ ತೂಗಿದ್ದೆ.

“ಹೌದ್ರಿ ಆಯಿ,” ಎಂದೆ. “ಹಾರಿ ಹೋಗ್ಯಾವು.”

ಆಯಿ ಡಬ್ಬಿಯನ್ನು ಅಂಗೈಗೆ ಬಗ್ಗಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಒಂದೊಂದಾಗಿ ಏಳು ಕಾಳು ಆರಿಸಿ ಅಂಗಳಕ್ಕೆ ಬಿಟ್ಟರು. ಉಳಿದವನ್ನು ಜೋಪಾನವಾಗಿ ಮತ್ತೆ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಜಪದ ಸರ ಕೈಗೆ ತೆಗೆದುಕೊಂಡರು.